ಅಮಾಸಿಗೊಮ್ಮೆ ಪಕ್ಕಡಕ್ಕೆ ಎಣ್ಣೆ

ಬೆಳಗಾವಿಯ ಮಳೆಗಾಲದಲ್ಲಿ ಒಣಹಾಕಿದ ಬಟ್ಟೆಯೇ ಮೂರು ದಿನ ಹಸಿ ಬಿಡುವುದಿಲ್ಲ, ಇನ್ನು ಪಕ್ಕಡ (ಇಕ್ಕಳ), ಪಾನಾ (ಸ್ಪ್ಯಾನರ್) ಇಂಥ ಕಬ್ಬಿಣದ ಸಾಮಾನುಗಳ ಪಾಡು ಕೇಳಬೇಕೆ? ನಾನು ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಲೇಥ್ ಮೇಲೆ ದುಡಿದವನು. ಪಾಳಿ ಮುಗಿದರೆ ಸಾಮಾನು ಒರೆಸಿ ಎಣ್ಣೆ ಹಚ್ಚಿಯೇ ಹೊರಡುತ್ತಿದ್ದೆ. ಮನೆಯ ಸಾಮಾನನ್ನು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟುಬಿಟ್ಟಿದ್ದೆ.

ಒಂದು ಜುಲೈ ರಾತ್ರಿ ನಮ್ಮ ಮನೆಯ ದೀಪವಷ್ಟೇ ಹೋಯಿತು. ಫ್ಯೂಜ್ ನೋಡೋಣವೆಂದರೆ ಬ್ಯಾಟರಿ (ಟಾರ್ಚ್) ಹತ್ತಲಿಲ್ಲ. ಅಟ್ಟಕ್ಕೆ ಏಣಿ ಹಚ್ಚಿದೆ. “ಕತ್ತಲಾಗ ಏನ್ ಹುಡುಕಾಕತ್ತಿಯೋ, ಬಿದ್ದಗಿದ್ದಿ!” ಅಂತ ಅವ್ವ ಕೆಳಗಿನಿಂದ ಕೂಗಿದಳು. ಚೀಲ ಬಿಚ್ಚಿದರೆ ಪಕ್ಕಡದ ಬಾಯಿ ತೆರೆಯದಷ್ಟು ತುಕ್ಕು. ಪ್ಲಾಸ್ಟಿಕ್ ಹೊರಗಿನ ನೀರು ತಡೆದಿತ್ತು ನಿಜ, ಒಳಗೆ ಸೇರಿದ ತೇವವನ್ನೂ ಹೊರಗೆ ಬಿಟ್ಟಿರಲಿಲ್ಲ.

ಬೆಳಿಗ್ಗೆ ಬ್ಯಾಟರಿ ಬಿಚ್ಚಿ ನೋಡಿದೆ. ಸೆಲ್ ಸೋರಿ ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಟ್ಟಿತ್ತು. ಆಲ್ಕಲೈನ್ ಸೆಲ್ಲಿನೊಳಗೆ ಇರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಬರಿಗೈಯಲ್ಲಿ ಮುಟ್ಟಬಾರದು. ಕೈಗವಸು ಹಾಕಿಕೊಂಡು, ಹತ್ತಿಗೆ ನಾಲ್ಕು ಹನಿ ಲಿಂಬೆರಸ ಅದ್ದಿ ತಿಕ್ಕಿದೆ. ಬುರುಗು ಎದ್ದು ಪುಡಿ ಕರಗಿತು. ಒದ್ದೆ ಬಟ್ಟೆಯಿಂದ ಒರೆಸಿ ಬಿಸಿಲಿಗಿಟ್ಟ ಮೇಲೆ ಅದೇ ಬ್ಯಾಟರಿ ಮತ್ತೆ ಬೆಳಗಿತು. ಈಗ ಸೆಲ್ಲುಗಳನ್ನು ಹೊರಗೆ ತೆಗೆದು, ಬ್ಯಾಟರಿಯ ಪಕ್ಕದಲ್ಲೇ ಸಣ್ಣ ಡಬ್ಬಿಯಲ್ಲಿ ಇಡುತ್ತೇನೆ. ಹಳೆಯದು, ಹೊಸದು ಎಂದೂ ಬೆರೆಸುವುದಿಲ್ಲ.

ಅಟ್ಟದ ಗಂಟಿನಲ್ಲಿ ಮೂವತ್ತು ಸಾಮಾನಿದ್ದವು. ದಿನಕ್ಕೆ ಬೇಕಾದವು ಏಳೇ. ಅವು ಕೆಲಸ ಬೀಳುವ ಕಡೆಗೇ ಹೋದವು: ಕುಕ್ಕರಿನ ಹಿಡಿ ಬಿಗಿಯಲು ಸ್ಕ್ರೂಡ್ರೈವರ್ ಅಡುಗೆಮನೆಯ ಮೊಳೆಗೆ, ಹತ್ತು-ಹನ್ನೊಂದರ ಪಾನಾ ಗಾಡಿಯ ಡಿಕ್ಕಿಗೆ, ಟೆಸ್ಟರ್ ಮತ್ತು ಟೇಪು ಮೀಟರ್ ಬೋರ್ಡಿನ ಬಳಿಗೆ.

ಟೆಸ್ಟರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರೊಳಗೆ ಇರುವುದು ಪುಟ್ಟ ನಿಯಾನ್ ದೀಪ, ಅದಕ್ಕೆ ಜೋಡಿಸಿದ ದೊಡ್ಡ ರೋಧಕ. ನಮ್ಮ ಮೈಯ ಮೂಲಕ ತೀರಾ ಸಣ್ಣ ಕರೆಂಟ್ ಹಾಯ್ದಾಗ ದೀಪ ಹೊತ್ತುತ್ತದೆ. ದೀಪ ಕೆಟ್ಟಿದ್ದರೂ ಹೊತ್ತುವುದಿಲ್ಲ, ಒಣ ಕಟ್ಟಿಗೆಯ ಸ್ಟೂಲಿನ ಮೇಲೆ ನಿಂತರೂ ಮಂಕಾಗಬಹುದು. ಆದ್ದರಿಂದ ಹೊತ್ತಲಿಲ್ಲ ಎಂದಾಕ್ಷಣ ತಂತಿ ಮುಟ್ಟಬೇಡಿ. ಮೊದಲು ಕರೆಂಟ್ ಇರುವುದು ಗೊತ್ತಿರುವ ಸಾಕೆಟ್ಟಿನಲ್ಲಿ ಅದನ್ನು ಪರೀಕ್ಷಿಸಿ, ಮೇನ್ ಸ್ವಿಚ್ ಆಫ್ ಮಾಡಿಯೇ ಕೈ ಹಾಕಿ. ಬಿಗಿಯಾದ ತಿರುಪು ಬಿಚ್ಚಲು ಟೆಸ್ಟರ್ ಬಳಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಒಳಗಿನದು ಒಡೆದರೆ ಹೊರಗೆ ಕಾಣುವುದಿಲ್ಲ.

ಎಣ್ಣೆಗೆ ಅಮಾಸಿ ಗೊತ್ತು ಮಾಡಿಕೊಂಡೆ. ಅಂಗಡಿ, ಗಾಡಿಗಳಿಗೆ ಪೂಜೆಯಾಗುವ ದಿನ ಮರೆಯುವ ಮಾತೇ ಇಲ್ಲ. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ, ಹಳೆಯ ಧೋತರದ ತುಂಡು, ಹತ್ತು ನಿಮಿಷ. ಖಂಡೇಪೂಜೆಯದೇ, ಅಂದರೆ ನವರಾತ್ರಿಯ ಆಯುಧಪೂಜೆಯದೇ, ತೊಡಕಾಗಿತ್ತು. ಕುಂಕುಮದ ನೀರು ಪಕ್ಕಡದ ಕೀಲಿಗೆ ಇಳಿದು ಬೆಳಗಾಗುವಷ್ಟರಲ್ಲಿ ಕೆಂಪಗಾಗುತ್ತಿತ್ತು. ಪೂಜೆಗಿಟ್ಟದ್ದನ್ನು ಅಂದೇ ಒರೆಸಲು ಅವ್ವ ಒಪ್ಪಲಿಲ್ಲ. ಕೀಲು ತೋರಿಸಿದ ಮೇಲೆ ಅವಳೇ ದಾರಿ ಹುಡುಕಿದಳು: ಸಾಮಾನಿಗೆ ಒಣ ವಿಭೂತಿ ಮಾತ್ರ; ಕುಂಕುಮ, ಹೂವು ಕೆಳಗೆ ಹಾಸಿದ ಬಟ್ಟೆಗೆ.