ಅಪ್‌ಡೇಟ್ ಆದ ಮೇಲೆ ವೈಫೈ ಕಾಣೆಯಾದಾಗ: ನನ್ನ ಅನುಭವ

ಗಂಗಾವತಿಯ ಅಕ್ಕಿ ಗಿರಣಿಗಳ ಲೆಕ್ಕ ಬರೆಯುವುದು ನನ್ನ ಉದ್ಯೋಗ. ಲೇಬಲ್ ಹಚ್ಚಿ ಪ್ಯಾಕ್ ಮಾಡಿದ 25 ಕೆಜಿವರೆಗಿನ ಅಕ್ಕಿ ಚೀಲಗಳಿಗೆ 2022ರ ಜುಲೈ 18ರಿಂದ ಶೇ 5ರಷ್ಟು ಜಿಎಸ್‌ಟಿ ಬಂದ ಮೇಲೆ, 50,000 ರೂಪಾಯಿ ಮೀರಿದ ಅಂಥ ಲೋಡಿಗೆ ಇ-ವೇ ಬಿಲ್, ಅಂದರೆ ಆನ್‌ಲೈನಿನಲ್ಲಿ ತಯಾರಿಸುವ ಸರಕು ಸಾಗಣೆ ಪತ್ರ, ಬೇಕೇ ಬೇಕು. ಆದ್ದರಿಂದ ನನ್ನ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಇಲ್ಲವೆಂದರೆ ಗೇಟಿನಲ್ಲಿ ಲಾರಿ ನಿಂತಿತೆಂದೇ ಅರ್ಥ. ಕಳೆದ ಸುಗ್ಗಿಯಲ್ಲಿ ಆದದ್ದೂ ಅದೇ. ನಾನು ಬಳಸುವುದು ವಿಂಡೋಸ್ ಅಲ್ಲ, ಉಬುಂಟು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ. ಅಪ್‌ಡೇಟ್ ಮುಗಿದು ಯಂತ್ರ ಮರಳಿ ಚಾಲೂ ಆದಾಗ ಪರದೆಯ ಮೂಲೆಯಲ್ಲಿ ವೈಫೈ ಗುರುತೇ ಇರಲಿಲ್ಲ, ಸೆಟ್ಟಿಂಗ್ಸ್‌ನಲ್ಲಿ ವೈಫೈ ಅಡಾಪ್ಟರ್ ಸಿಗಲಿಲ್ಲವೆಂಬ ಸಾಲೊಂದು ಮಾತ್ರ ಇತ್ತು.

ಇಂಥ ಹೊತ್ತಿನಲ್ಲಿ ಸುತ್ತಲಿನವರು ಮೊದಲು ಬೊಟ್ಟು ಮಾಡುವುದು ರೂಟರಿನ ಕಡೆಗೆ. ಆದರೆ ವೈಫೈ ಹೆಸರುಗಳ ಪಟ್ಟಿ ಕಂಡು ಪಾಸ್‌ವರ್ಡ್ ಒಪ್ಪದಿರುವುದು ಬೇರೆ, ಸಂಪರ್ಕ ಸಿಕ್ಕಿಯೂ ಪುಟ ತೆರೆಯದಿರುವುದು ಬೇರೆ, ಪಟ್ಟಿಯೇ ಬಾರದಿರುವುದು ಬೇರೆ. ಮೊದಲೆರಡರಲ್ಲಿ ರೂಟರನ್ನು ಅನುಮಾನಿಸಬಹುದು. ಮೂರನೆಯದರಲ್ಲಿ ದೋಷ ಲ್ಯಾಪ್‌ಟಾಪಿನೊಳಗೇ ಇರುತ್ತದೆ. ಗಿರಣಿಯ ಎಲ್ಲರ ಮೊಬೈಲುಗಳೂ ಅದೇ ವೈಫೈಯಲ್ಲಿ ಸರಾಗವಾಗಿ ನಡೆಯುತ್ತಿದ್ದುದರಿಂದ ನಾನು ರೂಟರನ್ನು ಮುಟ್ಟಲಿಲ್ಲ.

ದುರಸ್ತಿಗೆ ಮೊದಲು ಲಾರಿ ಕಳಿಸಬೇಕಿತ್ತು. ಮೊಬೈಲನ್ನು ಡೇಟಾ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಅದರ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಎಂದೇ ಎಣಿಸುತ್ತದೆ. ಬೇರೆ ಡ್ರೈವರ್ (ಯಂತ್ರಾಂಶವನ್ನು ನಡೆಸುವ ತಂತ್ರಾಂಶ) ಕೇಳುವುದಿಲ್ಲ. ಬಹುತೇಕ ಆಂಡ್ರಾಯ್ಡ್ ಮೊಬೈಲುಗಳು ತಾವು ಹಿಡಿದ ವೈಫೈಯನ್ನೇ ಕೇಬಲ್ ಮೂಲಕ ದಾಟಿಸುವುದರಿಂದ ಸಿಮ್ಮಿನ ಡೇಟಾ ಕೂಡ ಖರ್ಚಾಗುವುದಿಲ್ಲ. ಬಿಲ್ ತಯಾರಾಯಿತು, ಹಮಾಲರು ಕೊನೆಯ ಚೀಲ ಏರಿಸುವ ಹೊತ್ತಿಗೆ ಚಾಲಕನ ಕೈಗೆ ಕಾಗದ ಸಿಕ್ಕಿತು. ಮುಂದೆ ದುರಸ್ತಿಗೆ ಬೇಕಾದ ಪ್ಯಾಕೇಜುಗಳು ಇಳಿದದ್ದೂ ಇದೇ ಕೇಬಲಿನಿಂದಲೇ.

ಆಜ್ಞೆಗಳನ್ನು ಬರೆದು ಕೊಡುವ ಟರ್ಮಿನಲ್‌ನಲ್ಲಿ ನಾನು ಮೊದಲು ನೋಡಿದ್ದು ಪಿಸಿಐ ಸಾಧನಗಳ, ಅಂದರೆ ಮದರ್‌ಬೋರ್ಡಿಗೆ ಜೋಡಿಸಿದ ಕಾರ್ಡುಗಳ, ಪಟ್ಟಿಯನ್ನು. ವೈಫೈ ಕಾರ್ಡು ಅದರಲ್ಲಿ ಕಂಡಿತು. ಅಂದರೆ ಕಾರ್ಡು ಸತ್ತಿಲ್ಲ, ಸಡಿಲವೂ ಆಗಿಲ್ಲ. ಆದರೆ ಬಳಕೆಯಲ್ಲಿರುವ ಡ್ರೈವರಿನ ಹೆಸರು ಬರಬೇಕಾದ ಸಾಲು ಅದರ ಕೆಳಗೆ ಇರಲಿಲ್ಲ. ಈ ಪಟ್ಟಿಯಲ್ಲಿ ಕಾರ್ಡಿನ ಮುಂದೆ ಚೌಕ ಆವರಣದೊಳಗೆ ನಾಲ್ಕು ನಾಲ್ಕು ಅಕ್ಷರಗಳ ಎರಡು ಸಂಕೇತಗಳಿರುತ್ತವೆ, ಮೊದಲನೆಯದು ತಯಾರಕರದು, ಎರಡನೆಯದು ಚಿಪ್ಪಿನ ಮಾದರಿಯದು. ಪರಿಹಾರ ಹುಡುಕುವಾಗ ಈ ಜೋಡಿಯನ್ನೇ ಹಿಡಿದು ಹುಡುಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದರೆ ಒಂದೇ ಹೆಸರಿನ ಲ್ಯಾಪ್‌ಟಾಪುಗಳಲ್ಲಿ ಬೇರೆ ಬೇರೆ ಕಂಪನಿಗಳ ವೈಫೈ ಕಾರ್ಡುಗಳು ಬಂದಿರುತ್ತವೆ, ಮಾದರಿಯ ಹೆಸರು ನಂಬಿದವನಿಗೆ ಇನ್ನೊಬ್ಬರ ಔಷಧ ಸಿಗುತ್ತದೆ. ಏರೋಪ್ಲೇನ್ ಮೋಡಿನಿಂದಲೋ ಕೀಲಿಮಣೆಯ ಗುಂಡಿಯಿಂದಲೋ ವೈಫೈ ತಡೆಹಿಡಿದಿದೆಯೇ ಎಂದು ಆರ್‌ಎಫ್‌ಕಿಲ್ ಎಂಬ ಆಜ್ಞೆಯಿಂದ ನೋಡಿದೆ, ತಡೆ ಇರಲಿಲ್ಲ.

ನನ್ನ ಕಾರ್ಡಿನ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್ಲಿನ ಜೊತೆಗೇ ಬರುವಂಥದ್ದಲ್ಲ, ಹೊರಗಿನಿಂದ ಸೇರಿಸಿಕೊಂಡದ್ದು. ಅಂಥ ಡ್ರೈವರ್ ಮಾಡ್ಯೂಲ್ (ಕರ್ನಲ್ಲಿಗೆ ಸೇರಿಸುವ ತುಣುಕು) ಒಂದು ಕರ್ನಲ್ಲಿಗೆಂದು ತಯಾರಾದರೆ ಇನ್ನೊಂದಕ್ಕೆ ಹೊಂದುವುದಿಲ್ಲ. ಒಬ್ಬರ ಅಳತೆಗೆ ಹೊಲಿದ ಅಂಗಿಯಂತೆ, ಕರ್ನಲ್ ಬದಲಾದಾಗಲೆಲ್ಲ ಹೊಸದಾಗಿ ಹೊಲಿಯಬೇಕು. ಆ ಕೆಲಸವನ್ನು ತಾನಾಗಿಯೇ ಮಾಡುವ ವ್ಯವಸ್ಥೆಯೇ ಡಿಕೆಎಂಎಸ್, ಡೆಲ್ ಕಂಪನಿಯ ಎಂಜಿನಿಯರುಗಳು 2003ರಲ್ಲಿ ರೂಪಿಸಿದ್ದು. ಅದರ ಸ್ಥಿತಿ ಕೇಳಿದಾಗ ಹಳೆಯ ಕರ್ನಲ್ಲಿನ ಮುಂದೆ ಡ್ರೈವರ್ ಸ್ಥಾಪಿತವೆಂದಿತ್ತು, ಹೊಸ ಕರ್ನಲ್ಲಿನ ಹೆಸರೇ ಇರಲಿಲ್ಲ. ಮಾಡ್ಯೂಲ್ ಕಟ್ಟಲು ಆಯಾ ಕರ್ನಲ್ಲಿನ ಅಳತೆ ಹೇಳುವ ಹೆಡರ್ ಫೈಲುಗಳು ಬೇಕು. ನನ್ನ ಯಂತ್ರದಲ್ಲಿ ಕರ್ನಲ್ ಇಮೇಜಿನ (ಚಾಲೂ ಆಗುವ ಕರ್ನಲ್ ಫೈಲಿನ) ಪ್ಯಾಕೇಜ್ ಮಾತ್ರ ಇದ್ದು, ಇಮೇಜ್ ಮತ್ತು ಹೆಡರ್ ಎರಡನ್ನೂ ಒಟ್ಟಿಗೆ ತರುವ ಪ್ಯಾಕೇಜ್ ಇರಲಿಲ್ಲವಾದ್ದರಿಂದ ಹೊಸ ಕರ್ನಲ್ ಬಂತು, ಹೆಡರ್ ಬರಲಿಲ್ಲ.

ಆದರೆ ಇಷ್ಟರಿಂದಲೇ ಲೆಕ್ಕ ಚುಕ್ತಾ ಆಗಲಿಲ್ಲ. ಚಾಲೂ ಆಗುವಾಗ ಎಸ್ಕೇಪ್ ಕೀ ಒತ್ತಿ ಕರ್ನಲ್ ಆಯ್ಕೆ ಮಾಡುವ ಗ್ರಬ್ ಮೆನುವಿನಿಂದ ಹಳೆಯ ಕರ್ನಲ್ ಆರಿಸಿಕೊಂಡೆ. ಅಲ್ಲಿ ಡ್ರೈವರ್ ಸಿದ್ಧವಿದ್ದುದರಿಂದ ವೈಫೈ ಬರಲೇಬೇಕಿತ್ತು, ಬರಲಿಲ್ಲ. ಹೆಡರ್ ಇಲ್ಲದ್ದೊಂದೇ ಕಾರಣವಾಗಿದ್ದರೆ ಹೀಗಾಗಲು ಸಾಧ್ಯವಿಲ್ಲ. ಮಾಡ್ಯೂಲನ್ನು ಕೈಯಾರೆ ಲೋಡ್ ಮಾಡಲು ಹೋದಾಗ ಕೀ (ಮಾಡ್ಯೂಲಿಗೆ ಹಾಕುವ ಡಿಜಿಟಲ್ ಸಹಿಯ ಕೀಲಿ) ತಿರಸ್ಕೃತವಾಗಿದೆ ಎಂಬ ಉತ್ತರ ಬಂತು. ಅದೇ ಅಪ್‌ಡೇಟ್ ಸರದಿಯಲ್ಲಿ ಯಂತ್ರವನ್ನು ಚಾಲೂ ಮಾಡುವ ಬಯೋಸ್ ಕೂಡ ಹೊಸದಾಗಿ, ಮೊದಲು ಆಫ್ ಇದ್ದ ಸೆಕ್ಯೂರ್ ಬೂಟ್ ಎಂಬ ಅದರ ಕಾವಲು ಆನ್ ಆಗಿತ್ತು. ಅದು ಆನ್ ಇರುವಾಗ, ಯಂತ್ರ ನಂಬುವ ಕೀಯಿಂದ ಸಹಿಯಾಗದ ಮಾಡ್ಯೂಲನ್ನು ಉಬುಂಟುವಿನ ಕರ್ನಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಸೆಕ್ಯೂರ್ ಬೂಟ್ ಆಫ್ ಮಾಡಿಬಿಡಿ ಎಂದು ಹೇಳುವವರೇ ಹೆಚ್ಚು. ಹತ್ತಾರು ವ್ಯಾಪಾರಿಗಳ ಜಿಎಸ್‌ಟಿ ಲೆಕ್ಕವಿರುವ ಯಂತ್ರದಲ್ಲಿ, ಅದೂ ಬೇರೆ ದಾರಿ ಇರುವಾಗ, ಕಾವಲು ತೆಗೆಯುವುದು ನನಗೆ ಸರಿಕಾಣಲಿಲ್ಲ. ಹೆಡರ್ ಪ್ಯಾಕೇಜ್ ಹಾಕಿದ ಕೂಡಲೇ ಡಿಕೆಎಂಎಸ್ ಹೊಸ ಕರ್ನಲ್ಲಿಗೆ ಡ್ರೈವರ್ ಕಟ್ಟಿ ತನ್ನ ಕೀಯಿಂದ ಸಹಿ ಮಾಡಿತು. ಆ ಕೀಯನ್ನು ಯಂತ್ರಕ್ಕೆ ಪರಿಚಯಿಸಲು ಮೋಕ್‌ಯುಟಿಲ್ ಎಂಬ ಆಜ್ಞೆಯಿಂದ ವಿನಂತಿ ಸಲ್ಲಿಸಿ, ಒಂದು ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟು, ರೀಸ್ಟಾರ್ಟ್ ಮಾಡಿದೆ. ಆಗ ಉಬುಂಟು ಬರುವ ಮೊದಲೇ ಅಚ್ಚ ನೀಲಿ ಪರದೆಯೊಂದು ತೆರೆದುಕೊಂಡು, ಯಾವುದಾದರೂ ಕೀ ಒತ್ತಿರೆಂದು ಹತ್ತು ಸೆಕೆಂಡು ಕಾಯುತ್ತದೆ. ಒತ್ತದಿದ್ದರೆ ವಿನಂತಿ ರದ್ದಾಗುತ್ತದೆ, ಮತ್ತೆ ಮೊದಲಿನಿಂದ ಸಲ್ಲಿಸಬೇಕು. ಒತ್ತಿದರೆ ಎನ್‌ರೋಲ್ ಮೋಕ್ (ಕೀ ನೋಂದಣಿ), ಕಂಟಿನ್ಯೂ, ಎಸ್, ಪಾಸ್‌ವರ್ಡ್, ರೀಬೂಟ್ ಎಂದು ಕೆಲಸ ಸಾಲಾಗಿ ಮುಗಿಯುತ್ತದೆ. ಬರೆಯುವ ಪಾಸ್‌ವರ್ಡ್ ಇಲ್ಲಿ ಕಾಣುವುದಿಲ್ಲ, ಕೀಲಿಮಣೆ ಅಮೆರಿಕನ್ ವಿನ್ಯಾಸದಲ್ಲಿರುತ್ತದೆ. ಹೀಗಾಗಿ ಬರೀ ಅಂಕಿಗಳ ಪಾಸ್‌ವರ್ಡ್ ಇಡುವುದು ಕ್ಷೇಮ. ಗಿರಣಿಯ ತೌಡಿನ ಧೂಳು ಕೂತು ನನ್ನ ಕೀಲಿಮಣೆಯ ಕೆಲವು ಅಕ್ಷರಗಳು ಒತ್ತಿದರೂ ಏಳುವುದಿಲ್ಲವಾದ್ದರಿಂದ ನನಗೆ ಅಂಕಿಗಳ ಹೊರತು ಗತಿಯೂ ಇರಲಿಲ್ಲ. ಮರಳಿ ಚಾಲೂ ಆದಾಗ ವೈಫೈ ಪಟ್ಟಿ ಬಂತು.

ಗಿರಣಿಯ ಕಚೇರಿಯ ವಿಂಡೋಸ್ ಲ್ಯಾಪ್‌ಟಾಪಿಗೂ ಇದೇ ಸುಗ್ಗಿಯಲ್ಲಿ ಅಪ್‌ಡೇಟ್ ಆಗಿ ವೈಫೈ ಹೋಗುವ ಬಾಧೆ ತಗುಲಿತ್ತು, ಆದರೆ ಅದು ಬೇಗ ಮುಗಿಯಿತು. ಶಟ್ ಡೌನ್ ಮಾಡಿ ಆನ್ ಮಾಡಿದರೂ ಸರಿಹೋಗದೆಂದು ಗುಮಾಸ್ತರು ದೂರಿದರು. ಫಾಸ್ಟ್ ಸ್ಟಾರ್ಟಪ್ ಆನ್ ಇರುವಾಗ ಶಟ್ ಡೌನ್‌ನಲ್ಲಿ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ರೀಸ್ಟಾರ್ಟ್ ಮಾಡಿದಾಗಲೇ ಡ್ರೈವರುಗಳು ಹೊಸದಾಗಿ ಏರುತ್ತವೆ. ಅದರಿಂದಲೂ ಆಗದಿದ್ದಾಗ ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರಿನ ಪ್ರಾಪರ್ಟೀಸ್ ತೆರೆದೆ. ಹಳೆಯ ಡ್ರೈವರಿಗೆ ಮರಳಿಸುವ ರೋಲ್ ಬ್ಯಾಕ್ ಡ್ರೈವರ್ ಗುಂಡಿ ಮಸುಕಾಗಿತ್ತು, ಒತ್ತಲಾಗಲಿಲ್ಲ. ಆಗ ಅಪ್‌ಡೇಟ್ ಡ್ರೈವರ್ ಒತ್ತಿ, ಕಂಪ್ಯೂಟರಿನಲ್ಲಿರುವ ಡ್ರೈವರುಗಳ ಪಟ್ಟಿಯಿಂದ ಆಯ್ದುಕೊಳ್ಳುವ ದಾರಿ ಹಿಡಿದಾಗ ಹಳೆಯ ತಾರೀಖಿನ ಆವೃತ್ತಿ ಅಲ್ಲೇ ಸಿಕ್ಕಿತು. ನೆಟ್‌ವರ್ಕ್ ರೀಸೆಟ್ ಮಾಡುವಂತೆ ಕೆಲವರು ಮೊದಲೇ ಸೂಚಿಸುತ್ತಾರೆ, ನಾನು ಅದನ್ನು ಕೊನೆಗೆ ಇಡುತ್ತೇನೆ: ಅದು ಉಳಿಸಿಟ್ಟ ವೈಫೈ ಪಾಸ್‌ವರ್ಡುಗಳನ್ನೆಲ್ಲ ಅಳಿಸುತ್ತದೆ, ಹಳೆಯ ಡ್ರೈವರನ್ನು ಮಾತ್ರ ಮರಳಿಸುವುದಿಲ್ಲ.

ನನ್ನ ಯಂತ್ರಕ್ಕೆ ಈಗ ಇಮೇಜ್ ಮತ್ತು ಹೆಡರ್ ಎರಡನ್ನೂ ತರುವ ಪ್ಯಾಕೇಜ್ ಹಾಕಿದ್ದೇನೆ. ಒಮ್ಮೆ ಪರಿಚಯಿಸಿದ ಕೀ ಮುಂದಿನ ಕರ್ನಲ್ಲುಗಳಿಗೂ ಸಾಲುತ್ತದೆ. ಅಷ್ಟಾದರೂ ಅಪ್‌ಡೇಟ್ ಮುಗಿದ ಕೂಡಲೇ ರೀಸ್ಟಾರ್ಟ್ ಒತ್ತುವುದಿಲ್ಲ. ಮೊದಲು ಡಿಕೆಎಂಎಸ್ ಸ್ಥಿತಿ ನೋಡುತ್ತೇನೆ, ಹೊಸ ಕರ್ನಲ್ಲಿನ ಮುಂದೆಯೂ ಡ್ರೈವರ್ ಸ್ಥಾಪಿತವೆಂಬ ಸಾಲು ಬಂದಿದ್ದರೆ ಮಾತ್ರ ಒತ್ತುತ್ತೇನೆ. ಬಾರದಿದ್ದರೆ ವೈಫೈ ಇನ್ನೂ ನಡೆಯುತ್ತಿರುವಾಗಲೇ, ಕೇಬಲ್ ಹುಡುಕುವ ಗೋಜಿಲ್ಲದೆ, ಸರಿಪಡಿಸಿಕೊಳ್ಳಬಹುದು.