ರೆಸಾರ್ಟ್‌ನವರು ಕಾರ್ಡ್ ಮೇಲೆ ಹಿಡಿದಿಟ್ಟ ದುಡ್ಡು: ಬಿಡಿಸಿಕೊಂಡು ಮನೆಗೆ ಹೋಗುವುದು ಹೇಗೆ

ಚಿಕ್ಕಬಳ್ಳಾಪುರದಲ್ಲಿ ಮನೆ ಇಟ್ಟುಕೊಂಡು ನಂದಿ ಬೆಟ್ಟದ ಬುಡದ ರೆಸಾರ್ಟ್‌ನಲ್ಲಿ ದುಡ್ಡು ಕೊಟ್ಟು ಮಲಗುವುದು ಅಂದರೆ ನಮ್ಮೂರಲ್ಲಿ ಇನ್ನೂ ನಗೆಪಾಟಲಿನ ವಿಷಯವೇ. "ಇಷ್ಟು ಹತ್ತಿರ ಮನೆ ಇದೆ, ಅಲ್ಲೋಗಿ ಮಲಗ್ತೀರಾ?" ಅಂತ ಅಮ್ಮನೇ ಕೇಳಿದರು. ಆದರೆ ಬೇಸಿಗೆ ರಜಕ್ಕೆ ಮೈಸೂರಿನಿಂದ ಅಕ್ಕ, ಭಾವ, ಮಕ್ಕಳು ಬಂದಿದ್ದರು, ಮಕ್ಕಳಿಗೆ ಈಜುಕೊಳ ಬೇಕಿತ್ತು. ಸರಿ, ಒಂದು ರಾತ್ರಿಗೆ ಎರಡು ರೂಮು ಹಿಡಿದೆವು. ಕಾರ್ಡ್ ಭಾವನದ್ದು. ಅಲ್ಲಿಂದ ಶುರುವಾದ ತಲೆನೋವು ಮುಂದಿನ ಶನಿವಾರದ ತನಕ ಬಿಡಲಿಲ್ಲ. ನಿಮಗೆ ಹಾಗಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆಗಿದ್ದನ್ನು ಹೇಳಿಬಿಡುತ್ತೇನೆ. ಭಾವನ ಕಾರ್ಡ್ ಲಿಮಿಟ್ 75,000. ಅದರಲ್ಲಿ 38,000 ಆಗಲೇ ಖರ್ಚಾಗಿತ್ತು, ಉಳಿದಿದ್ದು 37,000. ರೂಮಿಗೆ 6,500ರಂತೆ ಎರಡಕ್ಕೆ 13,000, ಅದರ ಮೇಲೆ 5% ಜಿಎಸ್‌ಟಿ, ಒಟ್ಟು 13,650. ರಿಸೆಪ್ಷನ್‌ನ ಹುಡುಗ ಕಾರ್ಡ್ ಇಸಕೊಂಡು, ಊಟ ತಿಂಡಿಗೆ ಅಂತ ಒಂದೊಂದು ರೂಮಿಗೆ 5,000 ಸೇರಿಸಿ, 23,650 ಒತ್ತಿದ. ಭಾವ ಅವನ ಜೊತೆ ತೆಲುಗಿನಲ್ಲಿ ಹರಟುತ್ತಾ ಪಿನ್ ಹೊಡೆದರು. ಮಷೀನ್ ಪರದೆ ಯಾರು ನೋಡುತ್ತಾರೆ?

ಮಾರನೇ ದಿನ ಹೊರಡುವಾಗ ಬಿಲ್ 19,830 ಆಯಿತು. ಅವನು ಮತ್ತೆ ಹೊಸದಾಗಿ ಕಾರ್ಡ್ ಉಜ್ಜಿದ. ಡಿಕ್ಲೈನ್. ಇನ್ನೊಂದು ಸಲ ಉಜ್ಜಿದ, ಮತ್ತೆ ಡಿಕ್ಲೈನ್. ಹಿಂದೆ ನಾಲ್ಕು ಜನ ನಿಂತಿದ್ದರು, ಭಾವನ ಮುಖ ಕೆಂಪಾಯಿತು, ನಾನು ಫೋನ್ ತೆಗೆದು ಯುಪಿಐನಲ್ಲಿ ಕಟ್ಟಿಬಿಟ್ಟೆ. ಮುಗಿಯಿತು ಅಂದುಕೊಂಡೆವು. ಮಂಗಳವಾರ ಮೈಸೂರಿನಿಂದ ಫೋನ್: "ಏನಪ್ಪಾ ಇದು, ಮಗಳ ಸ್ಕೂಲ್ ಫೀಸಿನ ಕಂತು ಬರೀ 15,000, ಅದಕ್ಕೂ ಕಾರ್ಡ್ ಆಗ್ತಿಲ್ಲ!" ಆಗೋದು ಹೇಗೆ? ಬಿಲ್ ನಾನು ಕಟ್ಟಿದ್ದರೂ ಆ 23,650 ಇನ್ನೂ ಭಾವನ ಕಾರ್ಡ್ ಮೇಲೇ ಕೂತಿತ್ತು. ಉಳಿದಿದ್ದು 13,350 ಅಷ್ಟೇ.

ಇದಕ್ಕೆ ಪ್ರಿ-ಆಥರೈಸೇಷನ್ ಅಂತಾರೆ, ಕೌಂಟರ್‌ನಲ್ಲಿ ಪ್ರಿ-ಆಥ್ ಅಥವಾ ಹೋಲ್ಡ್. ದಿನಸಿ ಅಂಗಡಿಗೆ ಹೋಗಿ "ಈ ಅಕ್ಕಿ ಮೂಟೆ ನನಗೆ ಎತ್ತಿಡಿ, ಸಂಜೆ ಬರ್ತೀನಿ" ಅಂದ ಹಾಗೆ. ಮೂಟೆ ಅಂಗಡಿಯಲ್ಲೇ ಇರುತ್ತದೆ, ಆದರೆ ಬೇರೆಯವರಿಗೆ ಮಾರುವ ಹಾಗಿಲ್ಲ. ಸಂಜೆ ನೀವು ಬರಲೂ ಇಲ್ಲ, ಬೇಡ ಅಂತ ಹೇಳಲೂ ಇಲ್ಲ ಅಂದರೆ ಮೂಟೆ ಸುಮ್ನೆ ಮೂಲೆಯಲ್ಲಿ ಬಿದ್ದಿರುತ್ತದೆ. ಐಪಿಒಗೆ, ಅಂದರೆ ಕಂಪನಿ ಮೊದಲ ಸಲ ಜನರಿಗೆ ಮಾರುವ ಷೇರಿಗೆ, ಅರ್ಜಿ ಹಾಕಿದವರಿಗೆ ಇದು ಗೊತ್ತಿರುತ್ತದೆ. ಷೇರು ಸಿಗುವ ತನಕ ದುಡ್ಡು ನಿಮ್ಮ ಖಾತೆಯಲ್ಲೇ ಬ್ಲಾಕ್ ಆಗಿರುತ್ತದಲ್ವಾ, ಹಾಗೆ.

ಹೋಲ್ಡ್ ಅಂದರೆ ಖರ್ಚಲ್ಲ. ಅದಕ್ಕೆ ಬಡ್ಡಿ ಬೀಳುವುದಿಲ್ಲ, ತಿಂಗಳ ಬಿಲ್‌ನಲ್ಲಿ ಕಟ್ಟಬೇಕಾದ ಮೊತ್ತವಾಗಿ ಬರುವುದಿಲ್ಲ. ಬಳಸಬಹುದಾದ ಲಿಮಿಟ್ ಮಾತ್ರ ಅಷ್ಟು ಕಡಿಮೆಯಾಗುತ್ತದೆ. ಗೊಂದಲ ಆಗುವುದು ಮೆಸೇಜ್‌ನಿಂದ. ಹೋಲ್ಡ್‌ಗೆ ಬರುವ ಮೆಸೇಜ್ ಬಹಳ ಸಲ ಖರ್ಚಿನ ಮೆಸೇಜ್ ಥರಾನೇ ಇರುತ್ತದೆ, ನೋಡಿದವರು ದುಡ್ಡು ಹೋಯಿತು ಅಂತಲೇ ಅಂದುಕೊಳ್ಳುತ್ತಾರೆ. ಹೊರಡುವಾಗ ರೆಸಾರ್ಟ್‌ನವರು ಎರಡರಲ್ಲಿ ಒಂದು ಮಾಡಬೇಕು. ಆ ಹೋಲ್ಡ್‌ನಿಂದಲೇ ಬಿಲ್ ಮೊತ್ತ ತೆಗೆದುಕೊಂಡು ಮಿಕ್ಕಿದ್ದನ್ನು ಬಿಡಬೇಕು, ಇಲ್ಲಾಂದರೆ ಪೂರ್ತಿ ಬಿಡಬೇಕು. ಎರಡನ್ನೂ ಮಾಡದಿದ್ದರೆ ಅವಧಿ ಮುಗಿದು ತಾನಾಗಿ ಬಿಟ್ಟುಕೊಳ್ಳುವ ತನಕ ಕಾಯಬೇಕು. ಬ್ಯಾಂಕಿಗೆ ಫೋನ್ ಮಾಡಿದರೆ "ಮರ್ಚೆಂಟ್ ರಿಲೀಸ್ ಮಾಡ್ಬೇಕು ಸರ್" ಅನ್ನುತ್ತಾರೆ. ಗಂಟು ಹಾಕಿದವರೇ ಬಿಚ್ಚಬೇಕು ಅಂತ ಅರ್ಥ.

ಹಾಗಾಗಿ ಕೆಲಸ ಶುರುವಾಗುವುದು ಮನೆಯಲ್ಲೇ. ಹೊರಡುವ ಎರಡು ದಿನ ಮುಂಚೆ ಬ್ಯಾಂಕ್ ಆ್ಯಪ್ ತೆಗೆದು ಲಿಮಿಟ್ ಎಷ್ಟು ಉಳಿದಿದೆ ನೋಡಿ. ರೂಮ್ ಬಾಡಿಗೆ, ತೆರಿಗೆ, ಮೇಲೆ ರೂಮಿಗೆ ಒಂದಿಷ್ಟು ಸಾವಿರ, ಇಷ್ಟೂ ಕೆಲವು ದಿನ ಸಿಕ್ಕಿಹಾಕಿಕೊಂಡರೂ ನಿಮ್ಮ ಬೇರೆ ಖರ್ಚು ನಡೆಯುತ್ತದಾ? ನಡೆಯಲ್ಲ ಅಂದರೆ ಕಾರ್ಡ್ ಬಿಲ್‌ನಲ್ಲಿ ಹತ್ತೋ ಹದಿನೈದೋ ಸಾವಿರ ಮುಂಚೆಯೇ ಕಟ್ಟಿಬಿಡಿ, ಅಷ್ಟು ಲಿಮಿಟ್ ಬಿಡುವಾಗುತ್ತದೆ. ಮನೆಯಲ್ಲಿ ಎರಡು ಕಾರ್ಡ್ ಇದ್ದರೆ ರೆಸಾರ್ಟ್‌ಗೆ ಒಂದು, ಪೆಟ್ರೋಲ್ ಮತ್ತು ದಾರಿ ಖರ್ಚಿಗೆ ಇನ್ನೊಂದು. ಬುಕಿಂಗ್ ಮಾಡುವಾಗಲೇ ಫೋನ್ ಮಾಡಿ "ಚೆಕ್-ಇನ್‌ನಲ್ಲಿ ಎಷ್ಟು ಹೋಲ್ಡ್ ಹಾಕ್ತೀರಾ?" ಅಂತ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಆನ್‌ಲೈನ್‌ನಲ್ಲಿ ರೂಮ್ ದುಡ್ಡು ಪೂರ್ತಿ ಕಟ್ಟಿದವರಿಗೂ ಈ ಮೇಲುಖರ್ಚಿನ ಹೋಲ್ಡ್ ಬೀಳಬಹುದು. ಅದು ಗೊತ್ತಿಲ್ಲದೆ ಕೌಂಟರ್‌ನಲ್ಲಿ ಜಗಳ ಆಡುವವರನ್ನು ನೋಡಿದ್ದೇನೆ.

ಡೆಬಿಟ್ ಕಾರ್ಡ್ ಮಾತ್ರ ದಯವಿಟ್ಟು ಕೊಡಬೇಡಿ. ಕ್ರೆಡಿಟ್ ಕಾರ್ಡ್‌ನಲ್ಲಿ ಬ್ಲಾಕ್ ಆಗುವುದು ಬ್ಯಾಂಕಿನ ಲಿಮಿಟ್, ಡೆಬಿಟ್‌ನಲ್ಲಿ ಬ್ಲಾಕ್ ಆಗುವುದು ನಿಮ್ಮ ಸಂಬಳ. ಐದನೇ ತಾರೀಕು ಮನೆ ಸಾಲದ ಇಎಂಐ ಹೋಗಬೇಕು, ಖಾತೆಯಲ್ಲಿ ದುಡ್ಡು ಕಾಣುತ್ತಿದೆ, ಆದರೂ ಇಎಂಐ ಬೌನ್ಸ್! ಕ್ರೆಡಿಟ್ ಕಾರ್ಡ್ ಇಲ್ಲದಿದ್ದರೆ ಕಾಷನ್ ಡೆಪಾಸಿಟ್ ಅಂತ ನಗದು ಕೊಟ್ಟು ರಸೀದಿ ತೆಗೆದುಕೊಳ್ಳಿ. ನಮ್ಮ ಕಡೆ ಸಣ್ಣ ರೆಸಾರ್ಟ್, ಫಾರ್ಮ್‌ಸ್ಟೇಗಳವರು ಕ್ಯೂಆರ್ ತೋರಿಸಿ ಯುಪಿಐನಲ್ಲೇ ಡೆಪಾಸಿಟ್ ಕೇಳುವುದೂ ಇದೆ. ಹಾಗೆ ಕೊಟ್ಟದ್ದು ಹೋಲ್ಡ್ ಅಲ್ಲ, ದುಡ್ಡು ನಿಜವಾಗಿಯೂ ಅವರ ಖಾತೆಗೆ ಹೋಗಿರುತ್ತದೆ, ಅವರಾಗಿ ಕಳಿಸಿದರೇ ವಾಪಸ್. ಕೊಡುವ ಮುಂಚೆ "ಡೆಪಾಸಿಟ್ 5,000, ಚೆಕ್-ಔಟ್ ದಿನ ವಾಪಸ್" ಅಂತ ಅವರ ಕಡೆಯಿಂದ ವಾಟ್ಸಾಪ್‌ನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಆಮೇಲೆ ಅದೇ ನಿಮ್ಮ ಸಾಕ್ಷಿ.

ಇನ್ನು ಚೆಕ್-ಇನ್. ಕಾರ್ಡ್ ಕೈಯಿಂದ ಬಿಡುವ ಮುಂಚೆ ಎಷ್ಟು ಮೊತ್ತ, ಇದು ಪ್ರಿ-ಆಥಾ ಇಲ್ಲಾ ಸೇಲಾ, ಯಾವಾಗ ಬಿಡ್ತೀರಾ, ಇಷ್ಟು ಕೇಳಿ. ಪಿನ್ ಒತ್ತುವಾಗ ಪರದೆಯ ಮೊತ್ತವನ್ನು ಓದಿ. ಬರುವ ಚೀಟಿಯ ಮೇಲೆ ಸೇಲ್ ಅಂತ ಇದ್ದರೆ ಅದು ಹೋಲ್ಡ್ ಅಲ್ಲ, ದುಡ್ಡು ತೆಗೆದುಕೊಂಡೇ ಬಿಟ್ಟಿದ್ದಾರೆ. ಅಲ್ಲೇ ನಿಂತು ರದ್ದು ಮಾಡಿಸಿ, ಅದೇ ದಿನ ರದ್ದಾದರೆ ಸಲೀಸು, ಆಮೇಲೆ ರಿಫಂಡ್ ಅಂತ ದಿನಗಟ್ಟಲೆ ಕಾಯಬೇಕು. ಪ್ರಿ-ಆಥ್ ಚೀಟಿಯಾದರೆ ಅದರಲ್ಲಿ ಅಪ್ರೂವಲ್ ಕೋಡ್ ಅಂತ ಒಂದು ನಂಬರ್ ಇರುತ್ತದೆ. ಆ ಚೀಟಿಯ ಫೋಟೊ ತೆಗೆದಿಡಿ. ಆ ಕಾಗದದ ಮೇಲಿನ ಅಕ್ಷರ ನಾಲ್ಕು ದಿನಕ್ಕೆ ಮಾಸಿಹೋಗುತ್ತದೆ, ಜೇಬಲ್ಲಿಟ್ಟು ಪ್ರಯೋಜನ ಇಲ್ಲ. ಕಾರ್ಡ್‌ನ ಎರಡೂ ಬದಿ ಜೆರಾಕ್ಸ್ ಕೊಡಿ ಅಂದರೆ ಹಿಂದಿನ ಮೂರಂಕಿ ಸಿವಿವಿ ಮುಚ್ಚದೆ ಕೊಡಬೇಡಿ. ನಾನಂತೂ ಹಿಂಬದಿ ಕೊಡುವುದೇ ಇಲ್ಲ.

ರೂಮಿಗೆ ಕಾಲಿಟ್ಟ ಕೂಡಲೇ ಒಂದು ಸುತ್ತು ವಿಡಿಯೊ ಮಾಡಿಕೊಳ್ಳಿ, ಒಂದು ನಿಮಿಷದ್ದು ಸಾಕು. ಬೆಡ್‌ಶೀಟ್, ಟವಲ್, ಕನ್ನಡಿ, ಫ್ರಿಜ್‌ನೊಳಗೆ ಏನಿದೆ, ಅಷ್ಟೂ. ಭೋಗನಂದೀಶ್ವರನ ದರ್ಶನ ಮಾಡಿ ಹಣೆಗೆ ಕುಂಕುಮ ಇಟ್ಟುಕೊಂಡು ಬಂದು ಬಿಳಿ ದಿಂಬಿನ ಮೇಲೆ ಒರಗಿದರೆ ಕಲೆಗೂ ಒಂದು ಬಿಲ್ ಬರಬಹುದು. ಮೊದಲೇ ಇದ್ದ ಕಲೆ ನಿಮ್ಮದಲ್ಲ ಅಂತ ತೋರಿಸಲು ವಿಡಿಯೊ ಬೇಕು.

ನಿಜವಾಗಿ ಬಿಲ್ ಏರುವುದು ಮಕ್ಕಳಿಂದ. "ರೂಮ್ ನಂಬರ್ ಹೇಳಿದ್ರೆ ಸಾಕು" ಅಂತ ಒಂದು ಸಲ ಗೊತ್ತಾಯಿತು ಅನ್ನಿ, ಈಜುಕೊಳದ ಪಕ್ಕ ಐಸ್‌ಕ್ರೀಮ್, ಫ್ರೆಂಚ್ ಫ್ರೈಸ್, ಮತ್ತೆ ಐಸ್‌ಕ್ರೀಮ್. ಅಕ್ಕನ ಮಗ ಮಧ್ಯಾಹ್ನದೊಳಗೆ ನಾಲ್ಕು ಚೀಟಿಗೆ ಗೀಚಿದ್ದ, ಎಂಟು ವರ್ಷದವನ ಸಹಿಯನ್ನು ಅವರೂ ಒಪ್ಪಿಕೊಂಡಿದ್ದರು. ಅದನ್ನು ತಡೆಯಬೇಕು ಅಂದರೆ "ನಮ್ಮ ರೂಮಿನ ಲೆಕ್ಕಕ್ಕೆ ಏನೂ ಬರೆಯಬೇಡಿ, ಆಗಾಗಲೇ ದುಡ್ಡು ಕೊಡ್ತೀವಿ" ಅಂತ ಚೆಕ್-ಇನ್‌ನಲ್ಲೇ ಹೇಳಿ. ಆಗ ಹೋಲ್ಡ್ ಕಡಿಮೆ ಮಾಡಿ ಅಂತ ಕೇಳಲೂ ಬಾಯಿ ಬರುತ್ತದೆ.

ಬಿಲ್ ನೋಡಲು ಬೆಳಗ್ಗೆ ತನಕ ಕಾಯಬೇಡಿ. ನಂದಿಗೆ ಬಂದವರ ಬೆಳಗ್ಗೆ ಹೇಗಿರುತ್ತದೆ ಗೊತ್ತಲ್ವಾ? ಕತ್ತಲಲ್ಲೇ ಎದ್ದು ಸೂರ್ಯೋದಯಕ್ಕೆ ಬೆಟ್ಟ ಹತ್ತಬೇಕು, ವಾರಾಂತ್ಯದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಇಳಿಯಬೇಕು, ಓಡಿ ಬಂದು ತಿಂಡಿ ತಿನ್ನಬೇಕು, ಅಷ್ಟರಲ್ಲಿ ಚೆಕ್-ಔಟ್ ಹೊತ್ತು, ಕೌಂಟರ್ ಮುಂದೆ ಸಂತೆ. ಆ ಗಲಾಟೆಯಲ್ಲಿ ಯಾರೂ ಬಿಲ್ ಓದುವುದಿಲ್ಲ. ಹಿಂದಿನ ರಾತ್ರಿ ಊಟ ಆದ ಮೇಲೆ ರಿಸೆಪ್ಷನ್‌ಗೆ ಹೋಗಿ ಇಲ್ಲಿ ತನಕದ ಲೆಕ್ಕ ಪ್ರಿಂಟ್ ಕೇಳಿ, ಹೋಟೆಲಿನವರ ಭಾಷೆಯಲ್ಲಿ ಅದು ಫೋಲಿಯೊ. ಹಾಸಿಗೆ ಮೇಲೆ ಕೂತು ಒಂದೊಂದೇ ಸಾಲು ನೋಡಿ.

ಏನು ನೋಡಬೇಕು? ತೆರಿಗೆ ಮೊದಲು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿ ತನಕದ ರೂಮಿಗೆ ಜಿಎಸ್‌ಟಿ 5%, ಅದಕ್ಕಿಂತ ಮೇಲಾದರೆ 18%. ಇದರಲ್ಲಿ ಒಂದು ತಮಾಷೆ ಇದೆ. 7,400ರ ರೂಮಿಗೆ ಒಟ್ಟು 7,770, 7,600ರ ರೂಮಿಗೆ 8,968. ಬಾಡಿಗೆಯಲ್ಲಿ 200 ವ್ಯತ್ಯಾಸ, ಜೇಬಿನಿಂದ ಹೆಚ್ಚಿಗೆ ಹೋಗುವುದು ಸುಮಾರು 1,200! ಶನಿವಾರ ಬಿಟ್ಟು ಭಾನುವಾರ ರಾತ್ರಿ ಉಳಿದರೆ ಬಾಡಿಗೆ ಆ ಗೆರೆಯ ಕೆಳಗೆ ಇಳಿಯುತ್ತದಾ ಅಂತ ಕೇಳಿ ನೋಡಿ. ಸರ್ವಿಸ್ ಚಾರ್ಜ್ ಸಾಲು ಇದ್ದರೆ ತೆಗೆಸಿ. ಊಟದ ಬಿಲ್‌ಗೆ ಅದನ್ನು ತಾವಾಗಿ ಸೇರಿಸುವ ಹಾಗಿಲ್ಲ ಅಂತ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಖುಷಿಯಾದರೆ ಟಿಪ್ಸ್ ಕೈಗೆ ಕೊಡಿ, ಅದು ಬೇರೆ ವಿಷಯ. ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ಹಾಕಿದ್ದಾರೆ ಅಂತ ಮಾತ್ರ ಜಗಳ ಆಡಲು ಹೋಗಬೇಡಿ, ಕೂತು ತಿನ್ನುವ ಹೋಟೆಲ್‌ಗಳು ಹಾಗೆ ಮಾರಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿಬಿಟ್ಟಿದೆ. ಮನೆಯಿಂದ ಕ್ಯಾನ್ ತುಂಬಿಕೊಂಡು ಹೋಗಿ.

ಚೆಕ್-ಔಟ್‌ನಲ್ಲಿ ಹೇಳಬೇಕಾದ ಮಾತು ಒಂದೇ: "ಹೊಸದಾಗಿ ಕಾರ್ಡ್ ಉಜ್ಜಬೇಡಿ, ನಿನ್ನೆಯ ಪ್ರಿ-ಆಥ್ ಅನ್ನೇ ಕಂಪ್ಲೀಟ್ ಮಾಡಿ." ನಮ್ಮ ಲೆಕ್ಕದಲ್ಲಿ ಹಾಗೆ ಮಾಡಿದ್ದರೆ 23,650ರಲ್ಲಿ 19,830 ಬಿಲ್‌ಗೆ ಹೋಗಿ ಮಿಕ್ಕ 3,820 ಬಿಟ್ಟುಹೋಗುತ್ತಿತ್ತು. ಲಿಮಿಟ್ ಜಾಸ್ತಿ ಇದ್ದು ಹೊಸ ಉಜ್ಜು ಪಾಸಾಗಿದ್ದರೆ ಇನ್ನೂ ಕಷ್ಟ. ಎರಡೂ ಸೇರಿ 43,480 ಕಟ್ಟಿಬೀಳುತ್ತಿತ್ತು, ಭಾವನಿಗೆ ಗೊತ್ತೂ ಆಗುತ್ತಿರಲಿಲ್ಲ. ನಮ್ಮ ಹಾಗೆ ಯುಪಿಐನಲ್ಲೋ ಬೇರೆ ಕಾರ್ಡ್‌ನಲ್ಲೋ ಕಟ್ಟಿದರೆ ಹೋಲ್ಡ್ ಪೂರ್ತಿ ರದ್ದು ಮಾಡಿಸಿ, ಮಷೀನ್‌ನಿಂದ ರದ್ದಾದ ಚೀಟಿ ಬರುತ್ತದೆ, ಅದನ್ನು ಇಸಕೊಳ್ಳದೆ ಬ್ಯಾಗ್ ಎತ್ತಬೇಡಿ. "ತಾನಾಗೇ ಬಿಡುತ್ತೆ ಸರ್" ಅನ್ನುತ್ತಾರೆ. ಬಿಡುತ್ತದೆ ನಿಜ, ಯಾವಾಗ ಅನ್ನುವುದೇ ಪ್ರಶ್ನೆ. ಅವರು ಬಿಟ್ಟ ಮೇಲೂ ಬ್ಯಾಂಕ್ ಕಡೆ ಲಿಮಿಟ್ ವಾಪಸ್ ಕಾಣಲು ಒಂದೆರಡು ದಿನ ಹಿಡಿಯಬಹುದು.

ಮನೆಗೆ ಬಂದ ಮೇಲೆ ಹೋಲ್ಡ್ ಇನ್ನೂ ಇದೆ ಅಂತ ಕಂಡರೆ ಫೋನ್‌ನಲ್ಲಿ ಕೂಗಾಡುವುದಕ್ಕಿಂತ ಇಮೇಲ್ ಒಳ್ಳೆಯದು. ರೆಸಾರ್ಟ್‌ನ ಅಕೌಂಟ್ಸ್ ವಿಭಾಗಕ್ಕೆ ಉಳಿದ ತಾರೀಕು, ಕಾರ್ಡ್‌ನ ಕೊನೆಯ ನಾಲ್ಕು ಅಂಕಿ, ಹೋಲ್ಡ್ ಮೊತ್ತ, ಅಪ್ರೂವಲ್ ಕೋಡ್, ಬಿಲ್ ಕಟ್ಟಿದ ರಸೀದಿ, ಇಷ್ಟು ಹಾಕಿ ಬರೆಯಿರಿ. ಕಾರ್ಡ್‌ನ ಪೂರ್ತಿ ನಂಬರ್ ಬರೆಯಬೇಡಿ. ನಾವು ಮೊದಲು ಮೂರು ಸಲ ಫೋನ್ ಮಾಡಿದೆವು, ಪ್ರತಿ ಸಲ ಬೇರೆ ಬೇರೆಯವರು ಎತ್ತಿದರು, ಪ್ರತಿ ಸಲ ಕಥೆ ಮೊದಲಿಂದ. ಗುರುವಾರ ಚೀಟಿಯ ಫೋಟೊ ಸಮೇತ ಇಮೇಲ್ ಹಾಕಿದ ಮೇಲೆ ಸಂಜೆಯೊಳಗೆ ಮ್ಯಾನೇಜರ್ ರಿಲೀಸ್ ಮಾಡಿದರು, ಶನಿವಾರ ಬೆಳಗ್ಗೆ ಭಾವನ ಆ್ಯಪ್‌ನಲ್ಲಿ ಲಿಮಿಟ್ ಬಂದಿತ್ತು. ಅಷ್ಟರಲ್ಲಿ ಫೀಸು ಅಕ್ಕ ಕಟ್ಟಿಯಾಗಿತ್ತು.

ಹೋಲ್ಡ್ ಬಿಡುವ ಬದಲು ಪೂರ್ತಿ ಮೊತ್ತವನ್ನೇ ವಸೂಲಿ ಮಾಡಿದ್ದರೆ, ಅಥವಾ ವಾರ ಬಿಟ್ಟು ಇನ್ಯಾವುದೋ ಖರ್ಚು ಸೇರಿಸಿದ್ದರೆ, ಬ್ಯಾಂಕಿನಲ್ಲಿ ಡಿಸ್ಪ್ಯೂಟ್, ಅಂದರೆ ಈ ಖರ್ಚು ನಾನು ಒಪ್ಪಲ್ಲ ಅನ್ನುವ ದೂರು, ಹಾಕಬೇಕು. ಬಿಲ್ ಬರಲಿ ಅಂತ ಕಾಯಬೇಡಿ, ಆ್ಯಪ್‌ನಲ್ಲಿ ಕಂಡ ದಿನವೇ ಹಾಕಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. 30 ದಿನದೊಳಗೆ ಬ್ಯಾಂಕ್ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸರಿ ಕಾಣದಿದ್ದರೆ, ಬ್ಯಾಂಕ್‌ಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ಪುಕ್ಕಟೆ ದೂರು ಕೊಡಬಹುದು, ಮಾಹಿತಿಗೆ 14448. ತಕರಾರು ಬ್ಯಾಂಕಿನ ಮೇಲಲ್ಲ, ರೆಸಾರ್ಟ್ ಮೇಲೆ ಅಂದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಎರಡೂ ಕಡೆ ಮೊದಲು ಕೇಳುವುದು ಕಾಗದ ಪತ್ರವನ್ನೇ, ಆ ಮಾಸಿಹೋಗುವ ಚೀಟಿಯ ಫೋಟೊ ಆಗ ಕೈಗೆ ಬರುತ್ತದೆ.