ಕೋರಿ ಗಸಿಗೆ ಪುಂಡಿ: ಮನೆಯಲ್ಲಿ ಮಾಡುವ ಕ್ರಮ

ಕರಾವಳಿಯ ಕೋರಿ ಗಸಿಗೆ, ಅಂದರೆ ತೆಂಗಿನಕಾಯಿ ಅರೆದು ಹಾಕಿದ ಕೋಳಿಸಾರಿಗೆ, ರೊಟ್ಟಿಯ ಜೋಡಿಯೇ ಹೆಚ್ಚು ಹೆಸರುವಾಸಿಯಾದರೂ, ಆ ಗರಿಗರಿ ರೊಟ್ಟಿಯನ್ನು ಸಾಮಾನ್ಯವಾಗಿ ಅಂಗಡಿಯಿಂದ ತರಲಾಗುತ್ತದೆ. ಮನೆಯಲ್ಲೇ ಅರೆದು, ಕಟ್ಟಿ, ಹಬೆಯಲ್ಲಿ ಬೇಯಿಸುವ ಅಕ್ಕಿಯ ಉಂಡೆ, ಅಂದರೆ ಪುಂಡಿಯೂ ಗಸಿಗೆ ಅಷ್ಟೇ ಚೆನ್ನಾಗಿ ಒಗ್ಗುತ್ತದೆ. ಇಲ್ಲಿ ಹೇಳಿರುವ ಅಳತೆ ನಾಲ್ಕೈದು ಮಂದಿಗೆ ಸಾಕು.

ಎರಡು ಲೋಟ ಕುಚ್ಚಲಕ್ಕಿಯನ್ನು ತೊಳೆದು ಹಿಂದಿನ ರಾತ್ರಿಯೇ ನೆನೆಹಾಕಬೇಕು. ಬೆಳಿಗ್ಗೆ ನೀರು ಬಸಿದು, ಒಂದು ಲೋಟ ತೆಂಗಿನತುರಿ, ಒಂದು ಚಮಚ ಜೀರಿಗೆ ಮತ್ತು ಉಪ್ಪು ಸೇರಿಸಿ ತರಿತರಿಯಾಗಿ ಅರೆಯಬೇಕು. ನುಣ್ಣಗಾದರೆ ಪುಂಡಿ ಅಂಟಂಟಾಗುತ್ತದೆ. ಬಾಣಲೆಯಲ್ಲಿ ಒಂದು ಚಮಚ ತೆಂಗಿನೆಣ್ಣೆ ಕಾಯಿಸಿ, ಹಿಟ್ಟನ್ನು ಸುರಿದು, ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚುತ್ತಾ ಹೋದರೆ ಅದು ತಳ ಬಿಟ್ಟು ಮುದ್ದೆಯಾಗುತ್ತದೆ. ಒದ್ದೆ ಕೈಯಲ್ಲಿ ಮುಟ್ಟಿದಾಗ ಅಂಟದಿದ್ದರೆ ಉರಿ ಆರಿಸಬಹುದು.

ಈ ಹಂತವನ್ನು ಅವಸರದಲ್ಲಿ ಮುಗಿಸಬಾರದು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗೋಧಿಹಿಟ್ಟಿನ ಹಸಿ ತುಂಡುಗಳನ್ನೇ ಕುದಿಯುವ ಕೋಳಿಸಾರಿಗೆ ಬಿಟ್ಟು ಬೇಯಿಸುವ ಪದ್ಧತಿಯಿದೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟಿನ ಅಂಶ ಅವುಗಳನ್ನು ಒಡೆಯದಂತೆ ಹಿಡಿದಿಡುತ್ತದೆ. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲವಾದ್ದರಿಂದ, ಅದರ ಪಿಷ್ಟವು ಶಾಖಕ್ಕೆ ಉಬ್ಬಿ ಅಂಟುಗಟ್ಟಿದರೆ ಮಾತ್ರ ಉಂಡೆ ನಿಲ್ಲುತ್ತದೆ. ಬಾಣಲೆಯಲ್ಲಿ ಅರೆಬೆಂದ ಹಿಟ್ಟು ಗಸಿಯಲ್ಲಿ ಕದಡಿಹೋಗುವುದು ಇದೇ ಕಾರಣಕ್ಕೆ.

ಹಿಟ್ಟು ಬಿಸಿಯಿರುವಾಗಲೇ ಸಣ್ಣ ನೆಲ್ಲಿಕಾಯಿಯಷ್ಟು ಉಂಡೆಗಳನ್ನು ಕಟ್ಟಿ, ನಡುವೆ ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿ ಗುಳಿ ಮಾಡಬೇಕು. ಗುಳಿಯಿಂದ ನಡುಭಾಗವೂ ಚೆನ್ನಾಗಿ ಬೇಯುತ್ತದೆ, ಮುಂದೆ ಗಸಿ ನಿಲ್ಲಲೂ ಅಲ್ಲಿ ಜಾಗವಾಗುತ್ತದೆ. ಇಡ್ಲಿ ಪಾತ್ರೆಯ ನೀರು ಕುದಿ ಬಂದ ಮೇಲೆ ಉಂಡೆಗಳನ್ನಿಟ್ಟು ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿದರಾಯಿತು.

ಗಸಿಗೆ ಮೂಳೆಸಹಿತವಾದ ಒಂದು ಕಿಲೋ ಕೋಳಿ ಮಾಂಸ ಬೇಕು. ಮೂಳೆಯಿಲ್ಲದ ತುಂಡುಗಳಿಂದ ಸಾರಿಗೆ ಸತ್ವ ಇಳಿಯುವುದಿಲ್ಲ. ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ, ಎರಡು ದೊಡ್ಡ ಚಮಚ ಕೊತ್ತಂಬರಿ, ಒಂದೊಂದು ಚಮಚ ಜೀರಿಗೆ ಮತ್ತು ಕಾಳುಮೆಣಸು, ಕಾಲು ಚಮಚ ಮೆಂತ್ಯ, ಇವನ್ನು ಬೇರೆಬೇರೆಯಾಗಿ ಹುರಿಯುವುದು ಒಳ್ಳೆಯದು, ಏಕೆಂದರೆ ಕೊತ್ತಂಬರಿ ಕೆಂಪಾಗುವಷ್ಟರಲ್ಲಿ ಮೆಂತ್ಯ ಸೀದು ಕಹಿಯಾಗಿರುತ್ತದೆ. ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಖಾರ ಬೇಕೆನ್ನುವವರು ಒಂದೆರಡು ಗುಂಟೂರು ಮೆಣಸಿನಕಾಯಿ ಸೇರಿಸಿಕೊಳ್ಳಬಹುದು. ಇದಕ್ಕೆ ಅರ್ಧ ತೆಂಗಿನಕಾಯಿಯ ಹುರಿದ ತುರಿ, ಆರು ಎಸಳು ಬೆಳ್ಳುಳ್ಳಿ, ಅರಿಶಿನ ಮತ್ತು ಒಂದು ಚಮಚ ಹುಣಸೆ ತಿರುಳನ್ನು ಸೇರಿಸಿ ನುಣ್ಣಗೆ ಅರೆಯಬೇಕು.

ತೆಂಗಿನೆಣ್ಣೆಯಲ್ಲಿ ಎರಡು ಈರುಳ್ಳಿಯನ್ನು ಬಾಡಿಸಿ, ಮಾಂಸ, ಉಪ್ಪು ಹಾಗೂ ಎರಡು ಲೋಟ ನೀರು ಹಾಕಿ ಬೇಯಿಸಬೇಕು. ಬ್ರಾಯ್ಲರ್ ಕೋಳಿ ಅರ್ಧ ಗಂಟೆಯೊಳಗೆ ಬೇಯುತ್ತದೆ. ನಾಟಿ ಕೋಳಿಗೆ ಅದರ ಎರಡರಷ್ಟು ಸಮಯವಾದರೂ ಬೇಕು. ಮಾಂಸ ಮುಕ್ಕಾಲು ಬೆಂದಾಗ ಮಸಾಲೆ ಹಾಕಿ, ಹತ್ತು ನಿಮಿಷ ಚೆನ್ನಾಗಿ ಕುದಿಸಿದ ಬಳಿಕ, ಉಳಿದರ್ಧ ತೆಂಗಿನಕಾಯಿಯಿಂದ ಹಿಂಡಿದ ದಪ್ಪ ಹಾಲನ್ನು ಸಣ್ಣ ಉರಿಯಲ್ಲಿ ಬೆರೆಸಬೇಕು. ಹಾಲು ಬಿದ್ದ ಮೇಲೆ ಕೊತಕೊತ ಕುದಿಸಿದರೆ ಅದು ಒಡೆಯುತ್ತದೆ. ಕೊನೆಗೆ ಈರುಳ್ಳಿ, ಕರಿಬೇವಿನ ಒಗ್ಗರಣೆ.

ಅನ್ನಕ್ಕೆ ಮಾಡುವ ಗಸಿಗಿಂತ ಇದು ತುಸು ತೆಳ್ಳಗಿರಲಿ, ಏಕೆಂದರೆ ಪುಂಡಿ ರಸವನ್ನು ಹೀರಿಕೊಳ್ಳುತ್ತದೆ. ಬಡಿಸುವುದಕ್ಕೆ ಹತ್ತು ನಿಮಿಷ ಮೊದಲು ಬೇಕಾದಷ್ಟೇ ಪುಂಡಿಗಳನ್ನು ಗಸಿಗೆ ಹಾಕಿ, ಸೌಟು ಆಡಿಸದೆ ಪಾತ್ರೆಯನ್ನೇ ಮೆಲ್ಲನೆ ಕುಲುಕಿ ಮುಚ್ಚಿಡಬೇಕು. ಉಳಿದ ಪುಂಡಿಗಳನ್ನು ಪ್ರತ್ಯೇಕವಾಗಿಟ್ಟರೆ, ಮರುದಿನ ಬೆಳಿಗ್ಗೆ ಪುಡಿಮಾಡಿ, ಸಾಸಿವೆ, ಉದ್ದಿನಬೇಳೆಯ ಒಗ್ಗರಣೆ ಕೊಟ್ಟು ತಿಂಡಿಗೆ ಬಳಸಬಹುದು.